ಇಂಗ್ಲಿಷಿಗೂ ಒತ್ತಕ್ಷರ ಇದೆ

ಎ, ಇ, ಜಿ, ಐ, ಎಲ್, ಎನ್, ಆರ್, ಟಿ. ಎಂಟು ಇಂಗ್ಲಿಷ್ ಅಕ್ಷರ. ಎಲ್ಲವನ್ನೂ ಒಂದೊಂದೇ ಸಲ ಬಳಸಿ ಎಂಟು ಅಕ್ಷರದ ಒಂದು ಪದ ಮಾಡಿ ಎಂದರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರು ಮೊದಲು ಮಾಡುವ ಕೆಲಸ ಪೆನ್ನು ಕೆಳಗಿಡುವುದು. ಇದು ಕಾನ್ವೆಂಟ್ ಮಕ್ಕಳ ಆಟ, ನಮಗಲ್ಲ ಅಂತ. ಆದರೆ ಈ ಎಂಟು ಅಕ್ಷರದಲ್ಲಿ ಒಂದಲ್ಲ, ಐದು ಪದಗಳಿವೆ. ಅದರಲ್ಲೂ ಎರಡು ನಮ್ಮ ಗಣಿತ ಪುಸ್ತಕದವು. ಒಂದು ಟ್ರಯಾಂಗಲ್, ಅಂದರೆ ತ್ರಿಭುಜ. ಇನ್ನೊಂದು ಇಂಟೆಗ್ರಲ್, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರ ನಿದ್ದೆ ಕೆಡಿಸಿದ್ದು. ಉಳಿದ ಮೂರು ಆಲ್ಟರಿಂಗ್, ಅಲರ್ಟಿಂಗ್, ರಿಲೇಟಿಂಗ್.

ಇದನ್ನು ಬಿಡಿಸಲು ದೊಡ್ಡ ಪದಸಂಪತ್ತು ಬೇಕು ಎನ್ನುವುದು ತಪ್ಪು ನಂಬಿಕೆ ಎಂಬುದು ನಮ್ಮ ವಾದ. ಎಂಟು ಅಕ್ಷರವನ್ನೂ ಒಟ್ಟಿಗೆ ದಿಟ್ಟಿಸಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಆಟ ಬಲ್ಲವರು ಹಾಗೆ ದಿಟ್ಟಿಸುವುದೂ ಇಲ್ಲ. ಅವರು ಮೊದಲು ಐ, ಎನ್, ಜಿ ಮೂರನ್ನು ತೆಗೆದು ಬಲಗಡೆ ಇಡುತ್ತಾರೆ. ಅದು ‘ಇಂಗ್’, ಪದದ ಬಾಲ. ಈಗ ಉಳಿದದ್ದು ಐದೇ ಅಕ್ಷರ: ಎ, ಇ, ಎಲ್, ಆರ್, ಟಿ. ಅದರಲ್ಲಿ ಅಲರ್ಟ್ ಇದೆ, ಆಲ್ಟರ್ ಇದೆ. ಬಾಲ ಅಂಟಿಸಿದರೆ ಎರಡು ಪದ ಸಿಕ್ಕಿತು. ರಿಲೇಟ್ ಎಂಬ ಪದಕ್ಕೆ ಕೊನೆಯಲ್ಲಿ ಇನ್ನೊಂದು ಇ ಬೇಕಲ್ಲ ಎನ್ನಬಹುದು. ‘ಇಂಗ್’ ಬಂದಾಗ ಆ ಇ ಬಿದ್ದುಹೋಗುತ್ತದೆ. ವ್ಯಾಕರಣದ ಮೇಷ್ಟ್ರು ನಿಯಮ ಎಂದು ಬರೆಸಿ ಉರು ಹೊಡೆಸಿದ್ದು ಇಲ್ಲಿ ಕೈಗೆ ಸಿಕ್ಕ ಉಪಾಯ. ಹೀಗೆ ಮೂರನೆಯದೂ ಬಂತು.

ಇನ್ನು ‘ಇಂಗ್’ ಬಿಟ್ಟು ಬೇರೆ ಬಾಲ ನೋಡಿ. ಆಪಲ್, ಟೇಬಲ್, ಬಾಟಲ್, ಇವೆಲ್ಲ ಎಲ್-ಇ ಜೋಡಿಯಲ್ಲಿ ಮುಗಿಯುವ ಪದಗಳು. ಆ ಜೋಡಿ ನಮ್ಮ ಎಂಟರಲ್ಲೂ ಇದೆ. ಮುಂದುಗಡೆಗೆ ಟಿ, ಆರ್, ಐ ಇಡಿ. ‘ಟ್ರೈ’ ಎಂದರೆ ಮೂರು. ಟ್ರೈಸಿಕಲ್‌ಗೆ ಮೂರು ಚಕ್ರ, ಟ್ರೈಕಲರ್ ಎಂದರೆ ತ್ರಿವರ್ಣ. ಲ್ಯಾಟಿನ್ನಿನ ಈ ‘ಟ್ರಿ’ಯೂ ಸಂಸ್ಕೃತದಿಂದ ನಮಗೆ ಬಂದ ‘ತ್ರಿ’ಯೂ ಒಂದೇ ಬುಡದವು. ತ್ರಿಭುಜ, ತ್ರಿಕೋನ, ತ್ರಿಶೂಲ ಎಂದು ದಿನಾ ಹೇಳುವ ಮಗುವಿಗೆ ಟ್ರಯಾಂಗಲ್‌ನ ಅರ್ಧ ಭಾಗ ಆಗಲೇ ಗೊತ್ತು. ಗೊತ್ತಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೆ.

ಇಲ್ಲಿ ಕನ್ನಡದ ಮಾತೊಂದು ಬರುತ್ತದೆ. ನಮ್ಮ ಲಿಪಿಯಲ್ಲಿ ‘ಸ್ತ್ರೀ’ ಒಂದೇ ಅಕ್ಷರ. ಸ, ತ, ರ, ದೀರ್ಘ ಈ ನಾಲ್ಕೂ ಸೇರಿ ಕಣ್ಣಿಗೆ ಒಂದೇ ಗುರುತು. ದಿನಪತ್ರಿಕೆಯ ಪದಬಂಧದಲ್ಲಿ ಅದಕ್ಕೆ ಒಂದೇ ಮನೆ. ಕಿಟಕಿ ಎಂಬುದನ್ನು ತಿರುಗಿಸಿ ಓದಿದರೂ ಕಿಟಕಿಯೇ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಿರುಗಿಸಿ, ‘ಇಕಟಿಕ್’ ಆಗುತ್ತದೆ. ನಮ್ಮ ಕಣ್ಣು ಪಳಗಿರುವುದು ಇಡಿಯಾದ ಅಕ್ಷರಕ್ಕೆ, ಕಾಗುಣಿತಕ್ಕೆ, ಒತ್ತಕ್ಷರಕ್ಕೆ. ಇಂಗ್ಲಿಷ್ ಕಲಿಸುವಾಗ ಮಾತ್ರ ಎಲ್ಲವನ್ನೂ ಬಿಡಿಬಿಡಿ ಅಕ್ಷರವಾಗಿ ಸುರಿದು, ಸಾಲಾಗಿ ನೆನಪಿಡು ಎಂದುಬಿಟ್ಟರು. ಟಿ-ಐ-ಒ-ಎನ್ ನಾಲ್ಕು ಅಕ್ಷರ ಅಲ್ಲ, ಅದು ‘ಶನ್’ ಎಂಬ ಒಂದು ಒತ್ತಕ್ಷರ ಎಂದು ಹೇಳಿಕೊಟ್ಟಿದ್ದರೆ ಸ್ಟೇಷನ್, ನೇಷನ್, ರೇಷನ್, ಅಪ್ಲಿಕೇಶನ್ ಎಲ್ಲದರ ಸ್ಪೆಲ್ಲಿಂಗ್ ಒಂದೇ ದಿನ ಮುಗಿಯುತ್ತಿತ್ತು. ಸಿ-ಎಚ್, ಎಸ್-ಎಚ್, ಟಿ-ಎಚ್, ಕ್ಯೂ-ಯು, ಪಿ-ಎಚ್ ಕೂಡ ಒತ್ತಕ್ಷರಗಳೇ. ‘ಅನ್’, ‘ರಿ’, ‘ಡಿಸ್’ ಮುಂದೆ ಬರುವವು. ‘ನೆಸ್’, ‘ಮೆಂಟ್’, ‘ಏಬಲ್’ ಹಿಂದೆ ಬರುವವು. ಕೊಟ್ಟ ಅಕ್ಷರಗಳಲ್ಲಿ ಉದ್ದದ ಪದ ಹುಡುಕುವ ಆಟದ ಗುಟ್ಟೆಲ್ಲ ಇಷ್ಟೇ: ಬಿಡಿ ಅಕ್ಷರ ನೋಡಬೇಡಿ, ಒತ್ತಕ್ಷರ ಹುಡುಕಿ.

ನಾವು ಕಲಿತದ್ದು ಹೇಗೆ ಎಂಬುದು ಈ ಬಳಗದ ಎಲ್ಲರಿಗೂ ಗೊತ್ತು. ಐದನೇ ಕ್ಲಾಸಿಗೆ ಎಬಿಸಿಡಿ. ಆಮೇಲೆ ದಿನಾ ಐದು ಸ್ಪೆಲ್ಲಿಂಗ್, ಸಾಲಾಗಿ ನಿಂತು ರಾಗವಾಗಿ ಒಪ್ಪಿಸುವುದು, ತಪ್ಪಿದರೆ ಬೆರಳ ಗಂಟಿಗೆ ಸ್ಕೇಲು. ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಪುಟ್ ಯಾಕೆ ಎಂದು ಕೇಳಿದವನಿಗೆ ಇನ್ನೊಂದು ಏಟು. ಅಕ್ಷರದ ಹೆಸರುಗಳೇ ನಮಗೆ ಕಾಲುಕೊಡುತ್ತಿದ್ದವು. ಇಂಗ್ಲಿಷಿನ ಮೊದಲ ಅಕ್ಷರದ ಹೆಸರು ‘ಎ’. ಆದರೆ ಎಗ್ ಎಂಬಲ್ಲಿ ಕೇಳುವ ‘ಎ’ ದನಿಗೆ ಬರೆಯಬೇಕಾದ ಅಕ್ಷರದ ಹೆಸರು ‘ಇ’. ಇಂಕ್ ಎಂಬಲ್ಲಿನ ‘ಇ’ ದನಿಗೆ ಬರೆಯಬೇಕಾದ್ದರ ಹೆಸರು ‘ಐ’. ಕೇಳಿದಂತೆ ಬರೆಯುವ ಭಾಷೆಯಿಂದ ಬಂದ ಮಗು ಎಗ್ ಪದವನ್ನು ಎ-ಜಿ-ಜಿ ಎಂದು ಬರೆದರೆ ಅದು ದಡ್ಡತನವಲ್ಲ, ಕನ್ನಡದ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ್ದು. ಇಂಗ್ಲಿಷ್ ಕಬ್ಬಿಣದ ಕಡಲೆ ಆದದ್ದು ಹಲ್ಲಿನ ದೋಷದಿಂದಲ್ಲ, ನೆನೆಸದೆ, ಬೇಯಿಸದೆ ಬಾಯಿಗೆ ಹಾಕಿದ್ದರಿಂದ.

ಈ ಆಟ ಹುಟ್ಟಿ ಬೆಳೆದ ಊರುಗಳನ್ನು ಸ್ವಲ್ಪ ನೋಡಿ ಬರೋಣ. ಫ್ರಾನ್ಸಿನ ಟಿವಿಯಲ್ಲಿ 1965ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಅದರ ಹೆಸರಿನ ಅರ್ಥವೇ ‘ಅತಿ ಉದ್ದದ ಪದ’. ಅದರ ಇಂಗ್ಲಿಷ್ ರೂಪ ಬ್ರಿಟನ್ನಿನ ‘ಕೌಂಟ್‌ಡೌನ್’. 1982ರ ನವೆಂಬರ್ 2ರಂದು ಅಲ್ಲಿನ ಚಾನೆಲ್ 4 ಪ್ರಸಾರ ಆರಂಭಿಸಿದಾಗ ಮೊಟ್ಟಮೊದಲು ತೋರಿಸಿದ್ದೇ ಇದನ್ನು. ಸ್ಪರ್ಧಿ ಸ್ವರ ಬೇಕು, ವ್ಯಂಜನ ಬೇಕು ಎಂದು ಕೇಳಿ ಒಂಬತ್ತು ಅಕ್ಷರ ಪಡೆಯುತ್ತಾನೆ. ಮೂವತ್ತು ಸೆಕೆಂಡು ಗಡಿಯಾರ ಓಡುತ್ತದೆ. ಅಕ್ಷರಕ್ಕೊಂದು ಅಂಕ, ಒಂಬತ್ತನ್ನೂ ಬಳಸಿದರೆ ದುಪ್ಪಟ್ಟು, ಹದಿನೆಂಟು.

ಸ್ಕ್ರ್ಯಾಬಲ್ ಇನ್ನೂ ಹಳೆಯದು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕೂತಿದ್ದಾಗ ರೂಪಿಸಿದ ಆಟ. ಯಾವ ಅಕ್ಷರ ಎಷ್ಟು ಬಳಕೆಯಲ್ಲಿದೆ ಎಂದು ತಿಳಿಯಲು ಅವರು ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಅಕ್ಷರ ಎಣಿಸಿದರು. ಸುದ್ದಿ ಬರೆಯುವ ನಮಗೆ ಈ ವಿಷಯ ಇಷ್ಟವಾಗುತ್ತದೆ. ಪತ್ರಿಕೆ ಪೊಟ್ಟಣ ಕಟ್ಟಲಿಕ್ಕಷ್ಟೇ ಅಲ್ಲ, ಅಕ್ಷರದ ಲೆಕ್ಕಕ್ಕೂ ಆಗುತ್ತದೆ! ಆ ಎಣಿಕೆಯ ಫಲವಾಗಿಯೇ ಇಂದಿಗೂ ನೂರು ಬಿಲ್ಲೆಗಳಲ್ಲಿ ಇ ಅಕ್ಷರದವು 12, ಕ್ಯೂ ಒಂದೇ ಒಂದು. ಎಸ್ ಮಾತ್ರ ನಾಲ್ಕೇ. ಯಾವ ಪದಕ್ಕಾದರೂ ಎಸ್ ಅಂಟಿಸಿ ಬಹುವಚನ ಮಾಡಿಬಿಡುತ್ತಾರೆ ಎಂದು ಬಟ್ಸ್ ಬೇಕೆಂದೇ ಕಡಿಮೆ ಮಾಡಿದರು. ಅದೇ ನ್ಯೂಯಾರ್ಕ್ ಟೈಮ್ಸ್ ಈಗ ದಿನಾ ನಡೆಸುವ ‘ಸ್ಪೆಲ್ಲಿಂಗ್ ಬೀ’ ಆಟದಲ್ಲೂ ಏಳು ಅಕ್ಷರ ಕೊಡುತ್ತಾರೆ, ನಡುವಿನದು ಕಡ್ಡಾಯ, ಒಂದನ್ನೇ ಎಷ್ಟು ಸಲವಾದರೂ ಬಳಸಬಹುದು. ಅಲ್ಲಿಯೂ ಎಸ್ ಅಕ್ಷರಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಒಂದೇ ಒಂದು ಬಾಲಕ್ಕೆ ಇಷ್ಟು ಬೆಲೆ ಎಂದಮೇಲೆ ಬಾಲಗಳನ್ನು ಗುರುತಿಸುವುದೇ ಈ ಆಟ ಎನ್ನಲು ಬೇರೆ ಸಾಕ್ಷಿ ಬೇಡ.

ಆಟ ಅವರದ್ದಾದರೂ ಗೆದ್ದವರು ಯಾರು ನೋಡಿ. ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಪಟ್ಟ 2003ರಲ್ಲಿ ಥಾಯ್ಲೆಂಡಿನ ಆಟಗಾರನಿಗೆ ಹೋಯಿತು, 2009ರಲ್ಲಿ ಮತ್ತೊಬ್ಬ ಥಾಯ್ ಆಟಗಾರನಿಗೆ. 2015ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೈಜೀರಿಯಾದ ವೆಲ್ಲಿಂಗ್ಟನ್ ಜಿಗೆರೆ ಗೆದ್ದರು, ಆಫ್ರಿಕಾಕ್ಕೆ ಅದೇ ಮೊದಲು. ಥಾಯ್ಲೆಂಡಿನ ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಮಾತಾಡುವವರಲ್ಲ. ಅವರ ಲಿಪಿ ಬೇರೆ, ನಮ್ಮದರ ದೂರದ ನೆಂಟ. ಆದರೂ ಗೆದ್ದರು. ಮನೆಭಾಷೆ ಇಂಗ್ಲಿಷ್ ಅಲ್ಲದವರಿಗೆ ಇದು ಸಾಧ್ಯವಿಲ್ಲ ಎನ್ನುವವರು ಈ ಮೂರು ಇಸವಿಗಳನ್ನು ನೆನಪಿಟ್ಟುಕೊಂಡರೆ ಸಾಕು.

ಆದರೆ ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಇಂಗ್ಲಿಷ್ ಸ್ಕ್ರ್ಯಾಬಲ್‌ನ ದೊಡ್ಡ ಹೆಸರು. 2015ರಲ್ಲಿ ಆತ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು, ಫ್ರೆಂಚ್ ಮಾತಾಡಲು ಬಾರದೆಯೇ. ಸುಮಾರು ಒಂಬತ್ತು ವಾರ ಕೂತು ಪದಪಟ್ಟಿಯನ್ನು ತಲೆಗೆ ಇಳಿಸಿಕೊಂಡಿದ್ದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಮಾಡಿದರು. ಅದ್ಭುತವೇ ಸರಿ, ಕೈ ಮುಗಿಯುತ್ತೇವೆ. ಆದರೆ ನಮ್ಮ ಶಾಲೆಗಳಿಗೆ ಈ ಮಾದರಿ ಬೇಡ. ಅರ್ಥ ಗೊತ್ತಿಲ್ಲದೆ ಪದ ಒಪ್ಪಿಸುವುದರಲ್ಲಿ ನಮ್ಮ ಮಕ್ಕಳು ಆಗಲೇ ಪಳಗಿದ್ದಾರೆ, ಅದಕ್ಕೆ ಹೊಸ ಆಟ ಯಾಕೆ? ‘ಅಲರ್ಟಿಂಗ್’ ಸಿಕ್ಕಿತು ಎಂದ ಕೂಡಲೇ ಅಲರ್ಟ್ ಎಂದರೇನು, ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟರೆ ಅದಕ್ಕೇನರ್ಥ ಎಂಬಲ್ಲಿಗೆ ಮಾತು ಹೋಗಬೇಕು. ಆಗ ಮಾತ್ರ ಅದು ಕಲಿಕೆ.

ಒಂಬತ್ತು ಅಕ್ಷರದ ಇನ್ನೊಂದು ಉದಾಹರಣೆ ಕೊಡದೆ ಇರಲಾಗದು: ಎ, ಸಿ, ಡಿ, ಇ, ಐ, ಎನ್, ಒ, ಟಿ, ಯು. ‘ಶನ್’ ಒತ್ತಕ್ಷರ ಹಿಂದಕ್ಕಿಟ್ಟರೆ ಎಜುಕೇಶನ್ ಸಿಗುತ್ತದೆ. ಅದನ್ನು ಬಿಟ್ಟು ಇ-ಡಿ ಎಂಬ ಭೂತಕಾಲದ ಬಾಲ ಹಿಡಿದರೆ ಉಳಿದ ಏಳರಲ್ಲಿ ಕಾಶನ್ ಇದೆ, ಆಕ್ಷನ್ ಕೂಡ ಇದೆ. ಅಂದರೆ ಕಾಶನ್ಡ್, ಎಚ್ಚರಿಸಲಾಯಿತು. ಆಕ್ಷನ್ಡ್, ಹರಾಜು ಹಾಕಲಾಯಿತು. ಶಿಕ್ಷಣದ ಅಕ್ಷರಗಳನ್ನೇ ಅತ್ತಿತ್ತ ಮಾಡಿದರೆ ಹರಾಜು ಬರುತ್ತದೆ. ಜೂನ್ ತಿಂಗಳಲ್ಲಿ ಮಕ್ಕಳ ಸೀಟಿಗೆ ಅಲೆದ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪದಪಟ್ಟಿ ಯಾರದ್ದು ಎಂಬ ಪ್ರಶ್ನೆಯೂ ಇದೆ. ಅಮೆರಿಕ, ಕೆನಡಾದ ಹೊರಗೆ ಹೆಚ್ಚಾಗಿ ಬಳಸುವ ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿಯಲ್ಲಿ ಸುಮಾರು 2 ಲಕ್ಷ 80 ಸಾವಿರ ಪದಗಳಿವೆ. ಅದರಲ್ಲಿ ಲಕ್ಷಕ್ಕೂ ಕೋಟಿಗೂ ಜಾಗವಿದೆ, ಲ್ಯಾಖ್ ಮತ್ತು ಕ್ರೋರ್ ರೂಪದಲ್ಲಿ. ರೊಟ್ಟಿ, ದಾಲ್, ಸೀರೆ, ಲಾಠಿ, ರಾಗಿಯೂ ಇವೆ. ನಾವು ವಾರಕ್ಕೊಮ್ಮೆಯಾದರೂ ಹೆಡ್ಡಿಂಗಿಗೆ ಹಾಕುವ ಘೇರಾವ್ ಕೂಡ ಇದೆ. 1960ರ ದಶಕದ ಪಶ್ಚಿಮ ಬಂಗಾಳದ ಕಾರ್ಮಿಕ ಹೋರಾಟದಿಂದ ಇಂಗ್ಲಿಷ್ ಪತ್ರಿಕೆಗಳಿಗೆ ಹೋಗಿ, ಅಲ್ಲಿಂದ ನಿಘಂಟಿಗೆ ಹೋದ ಪದ ಅದು. ಅದಕ್ಕೆ ಇ-ಡಿ ಬಾಲ ಹಚ್ಚಿದರೆ ಘೇರಾವ್ಡ್, ಎಂಟು ಅಕ್ಷರ. ಹಲಗೆಯ ಮೇಲಿನ ಒಂದು ಅಕ್ಷರಕ್ಕೆ ಕೈಯಲ್ಲಿರುವ ಏಳೂ ಬಿಲ್ಲೆ ಸೇರಿಸಿ ಇದನ್ನು ಇಟ್ಟರೆ 50 ಅಂಕ ಬೋನಸ್. ಲಂಡನ್ನಿನ ಆಟಗಾರ ಇದನ್ನು ಪಟ್ಟಿ ನೋಡಿ ಉರು ಹೊಡೆಯಬೇಕು. ತಹಶೀಲ್ದಾರ್ ಕಚೇರಿ ಮುಂದೆ ನಿಂತು ವರದಿ ಮಾಡಿದವನಿಗೆ ಅದು ಬೆಳಗಿನ ಕೆಲಸ.

ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರಿಗೆ ಇನ್ನೊಂದು ರುಚಿ ಇದೆ. ಎ-ಎಸ್-ಡಿ-ಎಫ್-ಜಿ-ಎಫ್ ಎಂದು ತಿಂಗಳುಗಟ್ಟಲೆ ಬಡಿದ ನಡುಸಾಲಿನ ಕೀಲಿಗಳಲ್ಲಿ ಬರುವ ಉದ್ದದ ಪದಗಳಲ್ಲಿ ಒಂದು ಅಲ್ಫಾಲ್ಫಾ. ಏನದು ಎಂದರೆ ಹಸುವಿಗೆ ಹಾಕುವ ಲೂಸರ್ನ್ ಮೇವು. ಮೇಲಿನ ಸಾಲಿನಲ್ಲಿ ಹತ್ತಕ್ಷರದ ಟೈಪ್‌ರೈಟರ್ ಪದವೇ ಸಿಗುತ್ತದೆ. ಒಂದು ಅಕ್ಷರವೂ ಎರಡು ಸಲ ಬಾರದ ಹದಿನೈದು ಅಕ್ಷರದ ಪದ ಡರ್ಮಟೋಗ್ಲಿಫಿಕ್ಸ್. ಕೇಳಿ ಹೆದರಬೇಡಿ. ಡರ್ಮ ಎಂದರೆ ಚರ್ಮ, ಚರ್ಮದ ಡಾಕ್ಟರ ಬೋರ್ಡಿನಲ್ಲಿ ನೋಡಿರುತ್ತೀರಿ. ಗ್ಲಿಫ್ ಎಂದರೆ ಕೆತ್ತನೆ. ಒಟ್ಟಿನಲ್ಲಿ ಬೆರಳ ರೇಖೆಗಳ ಅಧ್ಯಯನ, ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್ ಬರ್ತಿಲ್ಲ’ ಎನ್ನುತ್ತಾರಲ್ಲ, ಅದೇ ರೇಖೆ.

ಇದೆಲ್ಲ ಬರೀ ಹೊತ್ತು ಕಳೆಯುವ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಪುಸ್ತಕ ತೆರೆದು ನೋಡಿ. ರೀಸನಿಂಗ್ ಭಾಗದಲ್ಲಿ ಈ ಬಗೆಯ ಪ್ರಶ್ನೆ ಖಾಯಂ: ಇ, ಎ, ಎಸ್, ಟಿ ಅಕ್ಷರಗಳನ್ನು ಒಂದೊಂದೇ ಸಲ ಬಳಸಿ ಎಷ್ಟು ಅರ್ಥಪೂರ್ಣ ಇಂಗ್ಲಿಷ್ ಪದ ಮಾಡಬಹುದು? ಆಯ್ಕೆಗಳು: ಒಂದು, ಎರಡು, ಮೂರು, ಮೂರಕ್ಕಿಂತ ಹೆಚ್ಚು. ಈಸ್ಟ್, ಸೀಟ್, ಈಟ್ಸ್, ಟೀಸ್ ಎಂದು ನಾಲ್ಕು ಹೊಳೆದವರಿಗೆ ಅಂಕ. ಇದಕ್ಕೆ ತರ್ಕಶಕ್ತಿ ಎಂದು ಹೆಸರು. ತರ್ಕ ಎಲ್ಲಿದೆ ಇದರಲ್ಲಿ? ಇದು ಇಂಗ್ಲಿಷ್ ಪರೀಕ್ಷೆಯೇ, ಬೇರೆ ಅಂಗಿ ಹಾಕಿಕೊಂಡು ಬಂದಿದೆ. ರಕ್ತಸಂಬಂಧದ ಪ್ರಶ್ನೆಯನ್ನೋ ದಿಕ್ಕಿನ ಪ್ರಶ್ನೆಯನ್ನೋ ಕನ್ನಡಕ್ಕೆ ತರಬಹುದು, ಇದನ್ನು ತರಲು ಬರುವುದೇ ಇಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲಿ ಕೇಂದ್ರ ಹೇಳಿದಾಗ ನಮ್ಮ ಊರುಗಳಲ್ಲಿ ಖುಷಿಪಟ್ಟರು, ಸರಿಯೇ. ಆದರೆ ಇಂಥ ಪ್ರಶ್ನೆ ರೀಸನಿಂಗ್ ಎಂಬ ಹೆಸರಿನಲ್ಲಿ ಇರುವಷ್ಟು ದಿನ ಕನ್ನಡದ ಅಭ್ಯರ್ಥಿ ಎರಡು ಸಲ ಇಂಗ್ಲಿಷ್ ಪರೀಕ್ಷೆ ಬರೆಯುತ್ತಾನೆ. ಕೇಳುವುದಾದರೆ ಇಂಗ್ಲಿಷ್ ಭಾಗದಲ್ಲೇ ಕೇಳಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ, ಕೋಚಿಂಗ್‌ಗೆ ಧಾರವಾಡಕ್ಕೋ ವಿಜಯನಗರಕ್ಕೋ ಹೋಗಲು ದುಡ್ಡಿಲ್ಲದವರಿಗೆ ಊರಲ್ಲೇ ಈ ಅಭ್ಯಾಸ ಸಿಗಬೇಕು.

ಫೋನಿದೆಯಲ್ಲ ಎನ್ನುತ್ತಾರೆ. ಅಕ್ಷರ ಒತ್ತಿದರೆ ಪದಗಳ ಪಟ್ಟಿಯನ್ನೇ ಸುರಿಯುವ ಆ್ಯಪ್‌ಗಳು ಬೇಕಾದಷ್ಟಿವೆ. ಅವು ಕೆಲಸ ಮಾಡುವ ರೀತಿ ಸರಳ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಎಬಿಸಿಡಿ ಕ್ರಮದಲ್ಲಿ ಜೋಡಿಸಿ ಇಟ್ಟುಕೊಂಡಿರುತ್ತವೆ. ಟ್ರಯಾಂಗಲ್, ಇಂಟೆಗ್ರಲ್, ಅಲರ್ಟಿಂಗ್ ಮೂರನ್ನೂ ಹಾಗೆ ಜೋಡಿಸಿದರೆ ಒಂದೇ ಸಾಲು ಬರುತ್ತದೆ, ಈ ಬರಹದ ಮೊದಲಲ್ಲಿ ಕೊಟ್ಟೆವಲ್ಲ, ಅದೇ. ನೀವು ಕೊಟ್ಟ ಅಕ್ಷರವನ್ನೂ ಹಾಗೇ ಜೋಡಿಸಿ ಹೋಲಿಸುತ್ತವೆ, ಮುಗಿಯಿತು. ದೊಡ್ಡ ಆಟಗಾರರೂ ಇದೇ ಉಪಾಯದಿಂದ ಅಭ್ಯಾಸ ಮಾಡುತ್ತಾರೆ. ಆ್ಯಪ್ ಬಳಸಬೇಡಿ ಎಂದು ನಾವು ಹೇಳುವುದಿಲ್ಲ. ಹತ್ತು ನಿಮಿಷ ಪೆನ್ಸಿಲ್ ಹಿಡಿದು ಒದ್ದಾಡಿದ ಮೇಲೆ ಬಳಸಿ. ಒದ್ದಾಡದೆ ನೋಡಿದ ಉತ್ತರ ಸಂಜೆಯೊಳಗೆ ಮರೆತುಹೋಗುತ್ತದೆ.

ನಮ್ಮ ಬೇಡಿಕೆ ಚಿಕ್ಕದು, ಖರ್ಚಿಲ್ಲದ್ದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಅಲ್ಲೊಂದು ಕರಿಹಲಗೆ ಇರಲಿ, ವಾರಕ್ಕೊಂದು ಉದ್ದದ ಪದ ಬರೆಯಲಿ. ಶಾಲೆಯಲ್ಲಿ ಇಂಗ್ಲಿಷ್ ಪಿರಿಯಡ್ಡಿನ ಕೊನೆಯ ಐದು ನಿಮಿಷವಾದರೂ ಸಾಕು. ಸ್ಮಾರ್ಟ್ ಬೋರ್ಡ್ ಬೇಡ, ಸೀಮೆಸುಣ್ಣ ಸಾಕು. ಅಗ್ರಿಕಲ್ಚರ್ ಎಂದು ಬರೆದರೆ ಮಕ್ಕಳು ಕಲ್ಚರ್ ಎಂದು ಮೊದಲೇ ಕೂಗುತ್ತಾರೆ. ಆಮೇಲೆ ನಿಧಾನವಾಗಿ ರೆಗ್ಯುಲರ್, ಆರ್ಟಿಕಲ್, ಗಿಟಾರ್ ಬರುತ್ತವೆ. ಅದೇ ಅಕ್ಷರಗಳಲ್ಲಿ ರೂರಲ್ ಇದೆ, ರಾಗಿಯೂ ಇದೆ. ಜರ್ನಲಿಸ್ಟ್ ಎಂದು ಬರೆದರೆ ರೈನ್, ಸಾಯಿಲ್, ಲೋನ್, ಜೈಲ್ ಎಲ್ಲ ಸಿಗುತ್ತವೆ, ಒಂದು ವರ್ಷದ ನಮ್ಮ ಜಿಲ್ಲಾ ಪುಟವೇ ಅದು. ಸ್ಟ್ರಿಂಗರ್ ಪದದಲ್ಲಿ ಹುಡುಕಿದೆವು. ರೆಸ್ಟ್ ಇದೆ, ರಿಸೈನ್ ಇದೆ. ಸ್ಯಾಲರಿಗೆ ಬೇಕಾದ ಅಕ್ಷರಗಳು ಮಾತ್ರ ಇಲ್ಲ.

ಈ ವಾರದ ಹಲಗೆಗೆ ನಾವೇ ಎಂಟು ಅಕ್ಷರ ಕೊಡುತ್ತೇವೆ: ಎ, ಸಿ, ಇ, ಜಿ, ಎಚ್, ಐ, ಎನ್, ಟಿ. ಎಂಟನ್ನೂ ಬಳಸಿದ ಎರಡು ಪದ ಬರುತ್ತವೆ. ಒಂದು ಶಾಲೆಯಲ್ಲಿ ವರ್ಷವಿಡೀ ನಡೆಯಬೇಕಾದದ್ದು. ಇನ್ನೊಂದನ್ನು ಹಿಡಿಯಲು ಪರೀಕ್ಷೆಯ ದಿನ ಸ್ಕ್ವಾಡ್ ಬರುತ್ತದೆ. ಮೊದಲು ‘ಇಂಗ್’ ತೆಗೆದು ಬಲಗಡೆ ಇಡಿ.